ಆಂಗ್ಲರ ಕಾಲದ ಕಟ್ಟಡ, ಉದ್ಯಾನಗಳು ಮತ್ತು ಜಲವರ್ಣ ಚಿತ್ರಕಲೆ

ಹಾಸನ ಜಿಲ್ಲೆ ಎಂದೊಡನೆ ಕಲಾಸಕ್ತರ ಮನಸ್ಸು ಬೇಲೂರು ಹಳೇಬೀಡುಗಳ ಕಡೆಗೆ, ಶ್ರವಣಬೆಳಗೊಳದ ವಿಂಧ್ಯಗಿರಿಯ ಕಡೆಗೆ ಹರಿಯುವುದು ಸಹಜವೇ ಆಗಿದೆ. ಹೊಯ್ಸಳ ಶಿಲ್ಪಿಗಳ ಕೈಚಳಕದ ಮುಂದೆ ಉಳಿದುದೆಲ್ಲವೂ ಮಂಕಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇದೇ ನೆಲದಲ್ಲಿ ಇನ್ನೊಂದು ಬಗೆಯ ಕಟ್ಟಡಗಳೂ ಎದ್ದವು. ಕಮಾನಿನ ಸಾಲುಳ್ಳ ಕಚೇರಿಗಳು, ಅಗಲವಾದ ಪಡಸಾಲೆಯ ಪ್ರವಾಸಿ ಬಂಗಲೆಗಳು, ರೈಲು ನಿಲ್ದಾಣಗಳು, ಮಿಷನರಿಗಳ ಆಸ್ಪತ್ರೆ ಮತ್ತು ಚರ್ಚುಗಳು, ಮಲೆನಾಡಿನ ಕಾಫಿ ತೋಟಗಳ ಹೆಂಚಿನ ಮನೆಗಳು, ಅವುಗಳ ಸುತ್ತ ದೂರದ ದೇಶಗಳಿಂದ ಬಂದ ಮರಗಿಡಗಳು. ಇವೆಲ್ಲವೂ ಪರಕೀಯರ ಆಳ್ವಿಕೆಯ ಕಾಲದ ಕುರುಹುಗಳು. ಜನರು ಇವುಗಳ ಮುಂದೆ ದಿನವೂ ನಡೆದಾಡುತ್ತಾರೆ. ನಿಂತು ನೋಡುವವರು ವಿರಳ.

ನಿಂತು ನೋಡುವುದನ್ನು ಕಲಿಸುವ ವಿದ್ಯೆಗಳಲ್ಲಿ ಜಲವರ್ಣ ಚಿತ್ರಕಲೆಯೂ ಒಂದು. ವಿಶೇಷವೆಂದರೆ, ಈ ಕಟ್ಟಡಗಳೂ ಈ ಚಿತ್ರಕಲೆಯೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಜನರ ಜೊತೆಯಲ್ಲಿ ಮೈಸೂರು ಸೀಮೆಗೆ ಬಂದವು. ಹಾಗೆ ಬಂದ ಕುಂಚ ಮೊದಲು ಯಾರ ಕೈಯಲ್ಲಿತ್ತು, ಯಾವ ಉದ್ದೇಶಕ್ಕಾಗಿ ಓಡಾಡಿತು, ಅನಂತರ ಕನ್ನಡಿಗರ ಕೈಗೆ ಬಂದು ಏನಾಯಿತು, ಇಂದಿನ ವಿದ್ಯಾರ್ಥಿಗೆ ಅದರಿಂದ ಆಗಬೇಕಾದುದೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾಧ್ಯಮದ ಸ್ವರೂಪ

ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಗೋಂದಿನೊಡನೆ ಕೂಡಿಸಿ ಸಿದ್ಧಪಡಿಸಿದ ವರ್ಣವೇ ಜಲವರ್ಣ. ಅದನ್ನು ನೀರಿನಲ್ಲಿ ಕದಡಿ ಕಾಗದದ ಮೇಲೆ ಹರಡಿದರೆ ನೀರು ಆರಿಹೋಗಿ ಬಣ್ಣದ ತೆಳುವಾದ ಪೊರೆಯೊಂದು ಉಳಿಯುತ್ತದೆ. ಬೆಳಕು ಆ ಪೊರೆಯ ಮೂಲಕ ಹಾಯ್ದು, ಕಾಗದದ ಬಿಳುಪನ್ನು ಮುಟ್ಟಿ, ಮತ್ತೆ ಅದೇ ಪೊರೆಯ ಮೂಲಕ ನೋಡುವವರ ಕಣ್ಣಿಗೆ ಬರುತ್ತದೆ. ಜಲವರ್ಣದ ಹೊಳಪಿಗೆ ಇದೇ ಕಾರಣ.

ಗೋಂದಿನಲ್ಲಿ ಕಲಸಿದ ಬಣ್ಣ ಈ ನಾಡಿಗೆ ಹೊಸದೇನೂ ಆಗಿರಲಿಲ್ಲ. ಮೈಸೂರು ಸಂಪ್ರದಾಯದ ಚಿತ್ರಗಾರರು ಗೋಂದನ್ನೂ ಸಫೇದವನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರು ಬಳಸುತ್ತಿದ್ದುದು ತಳವನ್ನು ಮುಚ್ಚುವಂತಹ ಮಂದವಾದ ಬಣ್ಣ. ಬಿಳಿಯ ಹೂವನ್ನು ಬಿಳಿಯ ಬಣ್ಣದಿಂದಲೇ ಬರೆಯುವುದು ಅವರ ಕ್ರಮ. ಪಾರದರ್ಶಕ ಜಲವರ್ಣದಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಬಿಳಿಯನ್ನು ಬರೆಯುವುದಿಲ್ಲ, ಬಿಡುತ್ತಾರೆ. ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಬೆಳಗಿನ ಬಿಸಿಲು ಚಿತ್ರದಲ್ಲಿ ಕಾಣಬೇಕಾದರೆ ಆ ಭಾಗದ ಕಾಗದವನ್ನು ಕುಂಚ ಮುಟ್ಟಬಾರದು. ಆದುದರಿಂದ ಈ ಕಲೆಯಲ್ಲಿ ತೊಡಗುವವನು ಮೊದಲ ಗೆರೆಗೂ ಮುಂಚೆ ಕೊನೆಯ ಬೆಳಕು ಎಲ್ಲಿ ಉಳಿಯಬೇಕೆಂಬುದನ್ನು ನಿಶ್ಚಯಿಸಿಕೊಂಡಿರಬೇಕು. ತಿಳಿಬಣ್ಣದಿಂದ ಗಾಢವಾದುದಕ್ಕೆ ಸಾಗುವುದು ಇಲ್ಲಿಯ ನಿಯಮ. ತೈಲವರ್ಣದಲ್ಲಿ ತಪ್ಪಿದುದನ್ನು ಕೆರೆದು ಮೇಲೆ ಬಳಿಯಬಹುದು. ಜಲವರ್ಣದಲ್ಲಿ ಅಷ್ಟು ಸುಲಭದ ಪರಿಹಾರವಿಲ್ಲ.

ಸುಣ್ಣದ ಗಾರೆಯ ಬಿಳಿಗೋಡೆ, ಕೆಂಪು ಹೆಂಚು, ಕಪ್ಪಾದ ನೆರಳಿನ ಪಡಸಾಲೆ, ಹಸುರು ಅಂಗಳ ಇವು ಕೂಡಿದ ಕಟ್ಟಡವು ಇಂತಹ ಮಾಧ್ಯಮಕ್ಕೆ ಹೇಳಿ ಮಾಡಿಸಿದಂತಿದೆ. ಕಾಗದದ ಬಿಳಿಯೇ ಗೋಡೆ. ಒಂದು ತೊಳೆತದ ಕಾವಿಯೇ ಹೆಂಚು. ಅದರ ಮೇಲೆ ಹರಿಸಿದ ನೀಲಿಯೇ ನೆರಳು.

ಸೈನ್ಯದೊಡನೆ ಬಂದ ಕುಂಚ

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಜಲವರ್ಣಕ್ಕೆ ಅನುಕೂಲವಾದ ಎರಡು ಬೆಳವಣಿಗೆಗಳಾದವು. ಜೇಮ್ಸ್ ವಾಟ್‌ಮನ್ನನ ಕಾರ್ಖಾನೆಯ ನುಣುಪಾದ ಗಟ್ಟಿ ಕಾಗದ ದೊರೆಯತೊಡಗಿತು. ರೀವ್ಸ್ ಸಹೋದರರು 1780ರ ಸುಮಾರಿನಲ್ಲಿ ಬಣ್ಣವನ್ನು ಸಣ್ಣ ಬಿಲ್ಲೆಗಳಾಗಿ ಮಾಡಿ ಮಾರತೊಡಗಿದರು. ಒಂದು ಚಿಕ್ಕ ಪೆಟ್ಟಿಗೆ, ಒಂದು ಬಟ್ಟಲು ನೀರು, ಕೆಲವು ಹಾಳೆ ಇದ್ದರೆ ಪ್ರಯಾಣದಲ್ಲಿಯೂ ಚಿತ್ರ ಬರೆಯುವುದು ಸಾಧ್ಯವಾಯಿತು. ಇದನ್ನು ಮೊದಲು ಗುರುತಿಸಿದವರಲ್ಲಿ ಸೈನ್ಯದವರೂ ಸೇರಿದ್ದರು. ವೂಲ್‌ವಿಚ್ಚಿನ ಸೈನಿಕ ಶಾಲೆಯಲ್ಲಿ ಚಿತ್ರ ಬರೆಯುವುದು ಪಾಠದ ಒಂದು ಭಾಗವಾಗಿದ್ದಿತು; ಜಲವರ್ಣಕ್ಕೆ ಹೆಸರಾದ ಪಾಲ್ ಸ್ಯಾಂಡ್‌ಬಿ 1768ರಿಂದ 1796ರವರೆಗೆ ಅಲ್ಲಿ ಉಪಾಧ್ಯಾಯನಾಗಿದ್ದನು. ಶತ್ರುವಿನ ಕೋಟೆಯ ಏರು ಎಷ್ಟು, ಕಂದಕ ಎಲ್ಲಿದೆ, ಫಿರಂಗಿಯನ್ನು ಯಾವ ದಿಬ್ಬದ ಮೇಲೆ ನಿಲ್ಲಿಸಬಹುದು ಎಂಬುದನ್ನು ತಿಳಿಸುವ ಸಾಧನ ಅಂದಿನ ದಿನಗಳಲ್ಲಿ ಚಿತ್ರವೇ ಆಗಿತ್ತು.

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಎಂದರೆ 1790ರಿಂದ 1792ರವರೆಗೆ, ಇಂತಹ ಕುಂಚಗಳು ಮೈಸೂರಿನ ಗಡಿ ದಾಟಿದವು. ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಮೊದಲಾದ ಸ್ಥಳಗಳ ನೋಟಗಳನ್ನು ಬರೆದುಕೊಂಡು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಎಂಬ ಸೈನ್ಯಾಧಿಕಾರಿಗಳ ಚಿತ್ರಸಂಪುಟಗಳೂ ಅದೇ ಸುಮಾರಿನಲ್ಲಿ ಹೊರಬಂದವು. ಫಿರಂಗಿ ದಳದ ಜೇಮ್ಸ್ ಹಂಟರ್ ಎಂಬಾತನು 1792ರಲ್ಲಿಯೇ ತೀರಿಕೊಂಡನಾದರೂ, ಅವನು ಬರೆದಿದ್ದ ಬೆಂಗಳೂರಿನ ಅರಮನೆ ಮತ್ತು ಸೈಪ್ರೆಸ್ ಮರಗಳ ತೋಟದ ನೋಟಗಳು 1805ರ ವೇಳೆಗೆ ಅಚ್ಚಾದವು. ಆ ಕಾಲದಲ್ಲಿ ಜಲವರ್ಣದ ಮೂಲಚಿತ್ರವನ್ನು ತಾಮ್ರದ ಫಲಕದ ಮೇಲೆ ಆಮ್ಲದಿಂದ ಕೊರೆದು, ಮುದ್ರಿಸಿ, ಅನೇಕ ವೇಳೆ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಹೀಗೆ ಮೈಸೂರಿನ ಕೋಟೆ, ಅರಮನೆ, ತೋಟಗಳನ್ನು ಲಂಡನ್ನಿನ ಶ್ರೀಮಂತರು ತಮ್ಮ ದಿವಾನಖಾನೆಯಲ್ಲಿ ಕುಳಿತು ನೋಡುವಂತಾಯಿತು.

ಅದೇ 1792ರಲ್ಲಿ ಸಕಲೇಶಪುರದ ಸಮೀಪದ ಗುಡ್ಡದ ಮೇಲೆ ಟೀಪೂ ಸುಲ್ತಾನನು ಮಂಜರಾಬಾದಿನ ಕೋಟೆಯನ್ನು ಎತ್ತಿಸಿದನು. ಎಂಟು ಕೋನಗಳ ನಕ್ಷತ್ರಾಕಾರದ ಆ ಕೋಟೆ ಫ್ರೆಂಚ್ ಸೈನಿಕ ವಾಸ್ತುವಿನ ಮಾದರಿಯದು. ಒಂದು ಕಡೆ ಯೂರೋಪಿನ ಕುಂಚ ಮೈಸೂರಿನ ಕೋಟೆಗಳನ್ನು ಅಳೆಯುತ್ತಿರಲು, ಇನ್ನೊಂದು ಕಡೆ ಯೂರೋಪಿನ ವಾಸ್ತುವೇ ಮೈಸೂರಿನ ರಕ್ಷಣೆಗೆ ನಿಂತುದು ಇತಿಹಾಸದ ವೈಚಿತ್ರ್ಯ.

1799ರ ನಂತರ ಯುದ್ಧದ ಸ್ಥಾನವನ್ನು ಮೋಜಣಿ ಹಿಡಿಯಿತು. ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ನಡೆದ ಮೈಸೂರಿನ ಮೋಜಣಿಯು ಹೊಲಗದ್ದೆ, ಕೆರೆ, ದಾರಿಗಳ ಜೊತೆಗೆ ಶಾಸನ, ದೇವಾಲಯ, ಐತಿಹ್ಯಗಳನ್ನೂ ಸಂಗ್ರಹಿಸಿತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಚಿತ್ರಗಳು ಅವನ ಸಂಗ್ರಹದಲ್ಲಿ ಸೇರಿವೆ. ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿಯೂ ದೂರದ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹ ಕಾಣುತ್ತದೆ. ಅಧಿಕಾರಿಯ ಪಕ್ಕದಲ್ಲಿ ಅವನ ಭಾರತೀಯ ಸಹಾಯಕರೂ ನಿಂತಿದ್ದಾರೆ. ಭಾಷೆ ತಿಳಿಯದ ಅಧಿಕಾರಿಗೆ ಈ ನಾಡನ್ನು ಓದಿ ಹೇಳಿದವರು ಕಾವಲಿ ಮನೆತನದ ಸಹೋದರರು, ಮಲೆಯೂರಿನ ಜೈನಪಂಡಿತ ಧರ್ಮಯ್ಯ ಮೊದಲಾದವರು. ಇವರ ಹೆಸರುಗಳಾದರೂ ಉಳಿದುಬಂದಿವೆ. ಮೋಜಣಿಯ ಸರಪಳಿ ಎಳೆದವರ, ಬಣ್ಣ ಅರೆದವರ, ನಕಲು ತೆಗೆದವರ ಹೆಸರುಗಳನ್ನು ಹೇಳುವವರು ಯಾರು?

ಗಿಡಮರಗಳ ಚಿತ್ರ

ಕೋಟೆಯ ನಂತರ ಕುಂಚವು ಗಿಡದ ಕಡೆಗೆ ತಿರುಗಿತು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನವನು ಅಲ್ಲಿಯ ಸಸ್ಯಗಳ ಚಿತ್ರಗಳನ್ನು ಮರಾಠಿ ಚಿತ್ರಕಾರನೊಬ್ಬನಿಂದ ಒಂದೊಂದಾಗಿ ಬರೆಯಿಸಿದನು. ಆ ಸಂಗ್ರಹ ಎಡಿನ್‌ಬರೋ ನಗರದ ರಾಯಲ್ ಸಸ್ಯೋದ್ಯಾನವನ್ನು ಸೇರಿತು. ಸಂಗ್ರಹಕ್ಕೆ ಕ್ಲೆಗಾರ್ನನ ಹೆಸರಿದೆ. ಎಲೆಯ ನರನರವನ್ನೂ ಬಿಡದೆ ಬರೆದ ಕೈಯನ್ನು ಕುಲದಿಂದ ಮಾತ್ರ ಗುರುತಿಸಲಾಗಿದೆ.

ಬೆಂಗಳೂರಿನ ಲಾಲ್‌ಬಾಗಿನ ಕಥೆ ಇದಕ್ಕಿಂತ ಸಮಾಧಾನಕರವಾದುದು. ಹೈದರಾಲಿಯು ಆರಂಭಿಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಕಾರರು ಅಲ್ಲಿಯ ಸಸ್ಯಗಳನ್ನು ಜಲವರ್ಣದಲ್ಲಿ ಬರೆದರು. ಸಸ್ಯಶಾಸ್ತ್ರದ ಚಿತ್ರದಲ್ಲಿ ಅಂದವೊಂದೇ ಸಾಲದು. ಕೇಸರಗಳ ಎಣಿಕೆ, ಎಲೆಯ ಅಂಚು, ಕಾಯಿಯ ಒಳಭಾಗ ಎಲ್ಲವೂ ಸರಿಯಾಗಿರಬೇಕು. ದಪ್ಪ ಬಣ್ಣದಲ್ಲಿ ಮುಚ್ಚಿಹೋಗುವ ಇಂತಹ ವಿವರಗಳನ್ನು ತೆಳುವಾದ ಜಲವರ್ಣವು ಉಳಿಸಿಕೊಡುತ್ತದೆ.

ಇಷ್ಟರಲ್ಲಿ ಕ್ಯಾಮೆರಾ ಎಂಬ ಯಂತ್ರವೂ ಬಂದಿತ್ತು. ಹಳೇಬೀಡು ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನೊಳಗೊಂಡ ದೊಡ್ಡ ಸಂಪುಟ 1866ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟವಾಯಿತು. ಕಟ್ಟಡವನ್ನು ದಾಖಲಿಸುವ ಕೆಲಸವನ್ನು ಯಂತ್ರವು ವಹಿಸಿಕೊಂಡ ಮೇಲೆ ಕುಂಚಕ್ಕೆ ಬೇರೆ ಕೆಲಸ ಬೇಕಾಯಿತು. ಆ ಕೆಲಸವನ್ನು ಕಂಡುಕೊಂಡವರು ಕನ್ನಡ ನಾಡಿನ ಕಲಾವಿದರು.

ಕನ್ನಡಿಗರ ಕೈಯಲ್ಲಿ

ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರಿಗೆ ಮರಳಿದ ಮೇಲೆ ಅವರು ಬರೆದ ಉದಕಮಂಡಲ ಮತ್ತು ಕೊಡೈಕೆನಾಲಿನ ನಿಸರ್ಗಚಿತ್ರಗಳು ಭಾರತೀಯ ಜಲವರ್ಣದ ಶ್ರೇಷ್ಠ ಕೃತಿಗಳಲ್ಲಿ ಎಣಿಸತಕ್ಕವು. ಈ ಎರಡೂ ಊರುಗಳು ಆಂಗ್ಲರು ಬೇಸಿಗೆಯ ತಂಪಿಗಾಗಿ ಕಟ್ಟಿಕೊಂಡ ಗಿರಿಧಾಮಗಳು. ಆದರೆ ವೆಂಕಟಪ್ಪನವರ ಚಿತ್ರಗಳಲ್ಲಿ ಮುಖ್ಯವಾದುದು ಆಳುವವರ ವೈಭವವಲ್ಲ. ಮಂಜು, ಬೆಳದಿಂಗಳು, ಸೂರ್ಯೋದಯದ ಕ್ಷಣ, ಕೆರೆಯ ಮೇಲಿನ ನಿಶ್ಶಬ್ದ. 1965ರಲ್ಲಿ ಅವರು ನಿಧನರಾದರು. ಅವರ ಕೃತಿಗಳಿಗಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ 1970ರ ದಶಕದಲ್ಲಿ ಸ್ಥಾಪಿತವಾಯಿತು.

ರುಮಾಲೆ ಚೆನ್ನಬಸವಯ್ಯನವರ ಜೀವನವು ಇನ್ನೊಂದು ಬಗೆಯಲ್ಲಿ ಬೋಧಪ್ರದವಾಗಿದೆ. 1910ರಲ್ಲಿ ಜನಿಸಿದ ಅವರು ಚಿತ್ರಕಲೆಯನ್ನು ಅಭ್ಯಾಸ ಮಾಡಿದರೂ ಸ್ವಾತಂತ್ರ್ಯ ಚಳವಳಿಯ ಕರೆಗೆ ಓಗೊಟ್ಟು ಕುಂಚವನ್ನು ಬದಿಗಿರಿಸಿದರು. 1960ರ ದಶಕದಲ್ಲಿ ಮರಳಿ ಕುಂಚ ಹಿಡಿದು, 1988ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಬೀದಿ, ಉದ್ಯಾನ, ಹೂಮರಗಳನ್ನು ಸ್ಥಳದಲ್ಲಿಯೇ ಕುಳಿತು ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಬರೆದರು. ಆಂಗ್ಲರ ಆಳ್ವಿಕೆಯ ವಿರುದ್ಧ ಹೋರಾಡಿದ ಅದೇ ವ್ಯಕ್ತಿ, ಆ ಆಳ್ವಿಕೆಯ ಕಾಲದಲ್ಲಿ ನೆಟ್ಟ ಮರಗಳ ಹೂವಿನ ಬಣ್ಣವನ್ನು ಇಷ್ಟು ಪ್ರೀತಿಯಿಂದ ಬರೆದುದು ಯೋಚಿಸತಕ್ಕ ಸಂಗತಿ. ದೊರೆತನವನ್ನು ಒಪ್ಪದಿರುವುದು ಬೇರೆ. ನೆಲದಲ್ಲಿ ಬೇರೂರಿದ ಮರವನ್ನು ತನ್ನದೆಂದು ಒಪ್ಪಿಕೊಳ್ಳುವುದು ಬೇರೆ. ಇವೆರಡಕ್ಕೂ ವಿರೋಧವಿಲ್ಲವೆಂಬುದನ್ನು ರುಮಾಲೆಯವರ ಚಿತ್ರಗಳು ತೋರಿಸಿಕೊಟ್ಟಿವೆ.

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಎ. ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಲಾಮಂದಿರ, ಇವುಗಳಲ್ಲಿ ತರಬೇತಿ ಹೊಂದಿದ ಚಿತ್ರಕಲಾ ಉಪಾಧ್ಯಾಯರ ಮೂಲಕ ಈ ವಿದ್ಯೆ ನಾಡಿನ ಶಾಲೆಗಳನ್ನು ತಲುಪಿತು. ಸೈನ್ಯದ ಪೆಟ್ಟಿಗೆಯಲ್ಲಿ ಬಂದ ಬಣ್ಣದ ಬಿಲ್ಲೆ ಹೀಗೆ ವಿದ್ಯಾರ್ಥಿಯ ಚೀಲವನ್ನು ಸೇರಿತು.

ಜಿಲ್ಲೆಯ ಕಟ್ಟಡಗಳು ಮತ್ತು ತೋಟಗಳು

1831ರಿಂದ 1881ರವರೆಗೆ ಮೈಸೂರು ಸೀಮೆಯ ಆಡಳಿತ ಆಂಗ್ಲ ಕಮಿಷನರರ ಕೈಯಲ್ಲಿತ್ತು. ರಸ್ತೆ, ಸೇತುವೆ, ಕಚೇರಿಗಳ ನಿರ್ಮಾಣಕ್ಕಾಗಿ ಲೋಕೋಪಯೋಗಿ ಇಲಾಖೆ ರೂಪುಗೊಂಡುದು ಆ ಅವಧಿಯಲ್ಲಿಯೇ. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಮೇಲೂ ಕಟ್ಟಡಗಳ ಮಾದರಿ ಬಹುಮಟ್ಟಿಗೆ ಹಾಗೆಯೇ ಮುಂದುವರಿಯಿತು. ಬಂಗಲೆ ಎಂಬ ಮಾತೇ ಬಂಗಾಳದ ಗುಡಿಸಲಿನ ಹೆಸರಿನಿಂದ ಬಂದುದು. ಬಿಸಿಲು ಮಳೆಗಳಿಂದ ಗೋಡೆಯನ್ನು ಕಾಪಾಡುವ ಅಗಲವಾದ ಸೂರು, ಸುತ್ತಲೂ ಪಡಸಾಲೆ, ಎತ್ತರದ ಮಾಡು, ಬಿಸಿಗಾಳಿ ಹೊರಹೋಗಲು ಮೇಲುಗಡೆ ಗವಾಕ್ಷಿ, ಇವು ಅದರ ಲಕ್ಷಣಗಳು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಚಪ್ಪಟೆ ಹೆಂಚು ಘಟ್ಟವನ್ನು ಹತ್ತಿ ಬಂದು ನಾಡಹೆಂಚಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು.

ಆಲೋಚಿಸಿದರೆ ಇಂತಹ ಕಟ್ಟಡದಲ್ಲಿ ಆಂಗ್ಲರದು ನಕ್ಷೆ ಮಾತ್ರ. ಕಲ್ಲು ಒಡೆದವರು, ಸುಣ್ಣವನ್ನು ಸುಟ್ಟು ಗಾರೆ ಅರೆದವರು, ಕಮಾನಿಗೆ ಮರದ ಆಸರೆ ಕಟ್ಟಿ ಇಟ್ಟಿಗೆ ಕೂರಿಸಿದವರು, ಬಾಗಿಲುವಾಡ ಕೆತ್ತಿದವರು ಇಲ್ಲಿಯ ಒಡ್ಡರು, ಗಾರೆಯವರು, ಬಡಗಿಗಳು. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಅವರ ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಅವರ ಗುರುತು ಇರುವುದು ಗೋಡೆಯ ಮೇಲೆ. ಕಮಾನಿನ ನಡುಗಲ್ಲು ಎಷ್ಟು ನೇರವಾಗಿ ಕುಳಿತಿದೆ, ಗಾರೆಯ ಮೂಲೆ ಎಷ್ಟು ಚೂಪಾಗಿದೆ ಎಂಬುದರಲ್ಲಿ ಅವರ ಸಹಿಯಿದೆ. ಗಂಟೆಗಟ್ಟಲೆ ಕುಳಿತು ಆ ಕಮಾನನ್ನು ಬರೆಯುವ ವಿದ್ಯಾರ್ಥಿಯು ಆ ಸಹಿಯನ್ನು ಓದುತ್ತಾನೆ.

ಜಿಲ್ಲೆಯ ಒಂದೊಂದು ಊರೂ ಒಂದೊಂದು ಪಾಠವನ್ನು ಒದಗಿಸುತ್ತದೆ. ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುಮಾರ್ಗದಲ್ಲಿರುವ ಹೊಳೆನರಸೀಪುರದ ನಿಲ್ದಾಣದಲ್ಲಿ ನಿಂತು ನೋಡಿದರೆ, ಸಮಾನಾಂತರವಾದ ಎರಡು ಕಂಬಿಗಳು ದೂರ ಹೋದಂತೆ ಒಂದು ಬಿಂದುವಿನಲ್ಲಿ ಕೂಡುವಂತೆ ತೋರುತ್ತವೆ. ಆ ಬಿಂದುವು ನೋಡುವವನ ಕಣ್ಣಿನ ಮಟ್ಟದಲ್ಲಿಯೇ ಇರುತ್ತದೆ. ಕಟ್ಟಡದ ಸೂರು, ಕಿಟಕಿಯ ಸಾಲು, ತಳಪಾಯದ ಗೆರೆ ಎಲ್ಲವೂ ಇದೇ ನಿಯಮಕ್ಕೆ ಒಳಪಟ್ಟಿವೆ. ಕಣ್ಣಿಗಿಂತ ಮೇಲಿರುವ ಗೆರೆಗಳು ದೂರ ಹೋದಂತೆ ಇಳಿಯುತ್ತವೆ, ಕೆಳಗಿರುವವು ಏರುತ್ತವೆ. ಪುಸ್ತಕದಲ್ಲಿ ತೊಡಕಾಗಿ ಕಾಣುವ ಯಥಾದರ್ಶನದ ಪಾಠ ನಿಲ್ದಾಣದಲ್ಲಿ ಒಂದು ನೋಟಕ್ಕೆ ತಿಳಿಯುತ್ತದೆ.

ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಬಳಿ ಕಾವೇರಿಗೆ ಅಡ್ಡಲಾಗಿರುವ ಕೃಷ್ಣರಾಜಕಟ್ಟೆ, ಹೊಳೆನರಸೀಪುರದ ಸೀಮೆಯಲ್ಲಿ ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಕಟ್ಟೆ, ಇವು ಆಂಗ್ಲರಿಂದ ಬಂದವಲ್ಲವಾದರೂ ನೀರನ್ನು ಬರೆಯುವ ಅಭ್ಯಾಸಕ್ಕೆ ಯೋಗ್ಯವಾದ ಸ್ಥಳಗಳು. ಕಟ್ಟೆಯ ಮೇಲಿಂದ ಇಳಿಯುವ ನೊರೆನೀರಿಗೆ ಬಣ್ಣವೇ ಬೇಡ. ಬಿಟ್ಟ ಕಾಗದವೇ ನೊರೆ. ಅದರ ಎರಡು ಬದಿಯ ಒದ್ದೆ ಕಲ್ಲಿಗೆ ಗಾಢವರ್ಣ ಹಾಕಿದೊಡನೆ ನೀರು ತಾನೇ ಹರಿಯತೊಡಗುತ್ತದೆ.

ಚನ್ನರಾಯಪಟ್ಟಣವು ಬೆಂಗಳೂರಿನಿಂದ ಹಾಸನದ ಮೂಲಕ ಮಂಗಳೂರಿಗೆ ಸಾಗುವ ಹೆದ್ದಾರಿಯ ಮೇಲಿನ ಊರು. ಬಯಲುಸೀಮೆಯ ತೀಕ್ಷ್ಣವಾದ ಬಿಸಿಲಿನಲ್ಲಿ ಬೆಳಕು ನೆರಳುಗಳ ಗಡಿ ಕತ್ತರಿಸಿದಂತೆ ಸ್ಪಷ್ಟವಾಗಿರುತ್ತದೆ. ಬಣ್ಣವು ನಿಮಿಷದಲ್ಲಿ ಆರುತ್ತದೆ. ಸಕಲೇಶಪುರದ ಕಡೆಗೆ ಸಾಗಿದಂತೆ ಗಾಳಿಯಲ್ಲಿ ತೇವ ಹೆಚ್ಚಿ, ಬೆಟ್ಟಗಳು ನೀಲಿಯಾಗಿ ಕರಗಿ, ಬಣ್ಣ ಆರುವುದೂ ನಿಧಾನವಾಗುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಜಲವರ್ಣವನ್ನು ಕಲಿಯುವ ಅವಕಾಶ ಎಲ್ಲರಿಗೂ ದೊರೆಯುವಂತಹುದಲ್ಲ.

ಉದ್ಯಾನಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಹಾಸನದ ಮಹಾರಾಜ ಪಾರ್ಕಿನಂತಹ ಸಾರ್ವಜನಿಕ ಉದ್ಯಾನಗಳಲ್ಲಿ, ಹಳೆಯ ಕಚೇರಿ ಬಂಗಲೆಗಳ ಅಂಗಳದಲ್ಲಿ, ಸಾಲುಮರಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಮರಗಳಲ್ಲಿ ಬಹಳಷ್ಟು ಪರದೇಶದವು. ಗುಲ್‌ಮೊಹರಿನ ತವರು ಮಡಗಾಸ್ಕರ್. ಮಳೆಮರ, ಕಾಗದದ ಹೂವಿನ ಬಳ್ಳಿ ಮತ್ತು ಜಕರಾಂಡಗಳದು ದಕ್ಷಿಣ ಅಮೆರಿಕ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಮರದ್ದು ಆಸ್ಟ್ರೇಲಿಯ. ಇವುಗಳನ್ನು ಎಲೆ ಎಲೆಯಾಗಿ ಬರೆಯಹೊರಟರೆ ಚಿತ್ರ ಕೆಡುತ್ತದೆ. ಮಳೆಮರ ಕೊಡೆಯಂತೆ ಹರಡಿದ ಆಕಾರ. ಸಿಲ್ವರ್ ಮರ ನೆಟ್ಟಗೆ ಎದ್ದ ಬೂದುಹಸುರಿನ ಗೆರೆ. ಏಪ್ರಿಲ್ ಮೇ ತಿಂಗಳುಗಳ ಗುಲ್‌ಮೊಹರ್ ಎಲೆಗಿಂತ ಹೂವೇ ಹೆಚ್ಚಾದ ಕೆಂಡದ ರಾಶಿ. ಮೊದಲು ಇಡೀ ಮರದ ಆಕಾರ, ಅನಂತರ ಅದರ ಬೆಳಕಿನ ಬದಿ ಮತ್ತು ನೆರಳಿನ ಬದಿ, ಕಟ್ಟಕಡೆಗೆ ಅಲ್ಲಲ್ಲಿ ಕೆಲವು ಎಲೆಕೊಂಬೆಗಳು, ಇದು ಸರಿಯಾದ ಕ್ರಮ. ಹಸುರು ಬಣ್ಣವನ್ನು ಪೆಟ್ಟಿಗೆಯಿಂದ ನೇರವಾಗಿ ತೆಗೆದು ಹಚ್ಚುವುದು ಸಲ್ಲದು. ಹಳದಿಗೆ ನೀಲಿಯನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ, ಎಳೆಯ ಚಿಗುರಿಗೂ ಬಲಿತ ಎಲೆಗೂ ಇರುವ ವ್ಯತ್ಯಾಸವನ್ನು ಕಣ್ಣಿನಿಂದಲೇ ಕಂಡು ಮಾಡಿಕೊಳ್ಳಬೇಕು.

ಬರೆಯುವ ಕ್ರಮ

ಕಟ್ಟಡದ ಚಿತ್ರಕ್ಕೆ ಬೆಳಗಿನ ಒಂಬತ್ತು ಗಂಟೆಯೊಳಗಿನ ಅಥವಾ ಸಂಜೆ ನಾಲ್ಕರ ಮೇಲಿನ ಓರೆ ಬಿಸಿಲು ಉತ್ತಮ. ನಡುಹಗಲಿನಲ್ಲಿ ನೆರಳು ಸೂರಿನ ಕೆಳಗೆ ಅಡಗಿ, ಗೋಡೆಗಳ ದಿಕ್ಕು ತಿಳಿಯದಾಗುತ್ತದೆ. ಮೊದಲು ಪೆನ್ಸಿಲಿನಿಂದ ಹಗುರವಾಗಿ ಮುಖ್ಯ ಗೆರೆಗಳನ್ನು ಗುರುತಿಸಿ, ಎತ್ತರ ಅಗಲಗಳ ಪ್ರಮಾಣವನ್ನು ಕೈಚಾಚಿ ಹಿಡಿದ ಪೆನ್ಸಿಲಿನಿಂದ ಅಳೆಯಬೇಕು. ಆಮೇಲೆ ಕಾಗದವನ್ನು ಸ್ವಲ್ಪ ಓರೆಯಾಗಿಟ್ಟು, ಆಕಾಶದ ನೀಲಿಯನ್ನು ಮೇಲಿನಿಂದ ಕೆಳಕ್ಕೆ ಒಂದೇ ತೊಳೆತದಲ್ಲಿ ಇಳಿಸಬೇಕು. ದಿಗಂತದ ಬಳಿ ನೀರನ್ನು ಹೆಚ್ಚಿಸಿ ಬಣ್ಣವನ್ನು ತೆಳುವಾಗಿಸಿದರೆ ದೂರದ ಭಾವ ಬರುತ್ತದೆ.

ಹೆಂಚಿಗೆ ಕಾವಿ ಬಣ್ಣದ ತೆಳು ತೊಳೆತ ಮೊದಲು. ಅದು ಪೂರ್ಣವಾಗಿ ಆರಿದ ಮೇಲೆ ಅಲ್ಲಲ್ಲಿ ಹಾವಸೆಯ ಕಪ್ಪು, ಹೊಸ ಹೆಂಚಿನ ಕೆಂಪು. ಎಲ್ಲ ಹೆಂಚುಗಳನ್ನೂ ಬರೆಯುವ ಅಗತ್ಯವಿಲ್ಲ. ನಾಲ್ಕಾರು ಸಾಲಿನ ಸೂಚನೆ ಸಾಕು, ಉಳಿದುದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಬಿಳಿಗೋಡೆಯ ಮೇಲಿನ ನೆರಳು ಕಪ್ಪಲ್ಲ ಎಂಬುದನ್ನು ಮರೆಯಬಾರದು. ತೆರೆದ ಆಕಾಶದ ಕಡೆಗಿರುವ ನೆರಳಿನಲ್ಲಿ ನೀಲಿಯ ಛಾಯೆಯಿರುತ್ತದೆ. ಕೆಮ್ಮಣ್ಣಿನ ಅಂಗಳಕ್ಕೆ ಸಮೀಪವಾದ ಗೋಡೆಯ ಬುಡದಲ್ಲಿ ನೆಲದಿಂದ ಪುಟಿದ ಬೆಳಕಿನ ಕೆಂಪಿರುತ್ತದೆ. ಪಡಸಾಲೆಯ ಒಳಗಿನ ಕತ್ತಲೆಯನ್ನೂ ಪೆಟ್ಟಿಗೆಯ ಕಪ್ಪಿನಿಂದ ತುಂಬದೆ, ನೀಲಿ ಮತ್ತು ಕಂದುಗಳನ್ನು ಬೆರೆಸಿ ಬರೆದರೆ ಅದರಲ್ಲಿ ಗಾಳಿಯಾಡುತ್ತದೆ.

ಮುಳುಗುವ ಕಟ್ಟಡ

ಈ ಎಲ್ಲ ಪಾಠಗಳೂ ಒಂದೆಡೆ ಕೂಡುವ ಸ್ಥಳವೊಂದು ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಅದು ಶೆಟ್ಟಿಹಳ್ಳಿಯ ಚರ್ಚು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ, ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಇದನ್ನು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ನಿರ್ಮಾಣವಾದಾಗ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಜನರು ತಮ್ಮ ಮನೆಮಠ, ಹೊಲಗದ್ದೆಗಳನ್ನು ಬಿಟ್ಟು ಬೇರೆಡೆ ನೆಲಸಬೇಕಾಯಿತು. ಚರ್ಚಿನ ಕಟ್ಟಡ ಮಾತ್ರ ಅಲ್ಲಿಯೇ ನಿಂತಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಗೋಡೆಗಳ ಮೇಲ್ಭಾಗವಷ್ಟೇ ನೀರಿನ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ನೆಲದ ಮೇಲೆ ಕಮಾನುಗಳು, ಕಂಬಗಳು, ಮಾಡಿಲ್ಲದ ಗೋಡೆಗಳು ಬುಡಸಮೇತ ಗೋಚರಿಸುತ್ತವೆ.

ಒಂದೇ ಕಟ್ಟಡದ ಎರಡು ಚಿತ್ರಗಳನ್ನು ಇಲ್ಲಿ ಬರೆಯಬಹುದು. ಬೇಸಿಗೆಯ ಚಿತ್ರದಲ್ಲಿ ಇಟ್ಟಿಗೆಯ ಕೆಂಪು, ಉದುರಿದ ಗಾರೆಯ ಬೂದು, ಕಮಾನಿನ ಮೂಲಕ ಕಾಣುವ ಆಕಾಶ. ಮಳೆಗಾಲದ ಚಿತ್ರದಲ್ಲಿ ಮೋಡ, ನೀರು, ನೀರಿನಲ್ಲಿ ತಲೆಕೆಳಗಾದ ಗೋಡೆ. ಪ್ರತಿಬಿಂಬವನ್ನು ಬರೆಯುವಾಗ ಒಂದು ನಿಯಮವನ್ನು ನೆನಪಿನಲ್ಲಿಡಬೇಕು. ತಿಳಿಯಾದ ವಸ್ತುವಿನ ಪ್ರತಿಬಿಂಬ ಅದಕ್ಕಿಂತ ತುಸು ಗಾಢವಾಗಿಯೂ, ಗಾಢವಾದ ವಸ್ತುವಿನ ಪ್ರತಿಬಿಂಬ ಅದಕ್ಕಿಂತ ತುಸು ತಿಳಿಯಾಗಿಯೂ ಇರುತ್ತದೆ. ಕಾಗದ ಇನ್ನೂ ತೇವವಾಗಿರುವಾಗಲೇ ಬಣ್ಣವನ್ನು ಮೇಲಿನಿಂದ ಕೆಳಕ್ಕೆ ಎಳೆದು, ಆರಿದ ಮೇಲೆ ಒಂದೆರಡು ಅಡ್ಡಗೆರೆಗಳನ್ನು ಹಾಯಿಸಿದರೆ ನೀರಿನ ಮೇಲ್ಮೈ ಮೂಡುತ್ತದೆ.

ಆದರೆ ಶೆಟ್ಟಿಹಳ್ಳಿಯಲ್ಲಿ ಕಲಿಯಬೇಕಾದುದು ಕೈಚಳಕವೊಂದನ್ನೇ ಅಲ್ಲ. ಸುಣ್ಣದ ಗಾರೆಯು ನೀರಿನಲ್ಲಿ ತಿಂಗಳುಗಟ್ಟಲೆ ನೆನೆದು, ಮತ್ತೆ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಣಗುತ್ತ ಹೋದರೆ ಕ್ರಮೇಣ ಸತ್ತ್ವ ಕಳೆದುಕೊಳ್ಳುತ್ತದೆ. ಅದು ಸಡಿಲಿದಂತೆ ಇಟ್ಟಿಗೆಗಳು ಒಂದೊಂದಾಗಿ ಕಳಚುತ್ತವೆ. ಪ್ರತಿವರ್ಷವೂ ಈ ಕಟ್ಟಡವು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತಿದೆ. ಇದನ್ನು ನೋಡಲು ಬರುವ ಪ್ರವಾಸಿಗರು ಕ್ಷಣಮಾತ್ರದಲ್ಲಿ ನೂರು ಛಾಯಾಚಿತ್ರ ತೆಗೆದುಕೊಂಡು ಹೋಗುತ್ತಾರೆ. ಚಿತ್ರ ಬರೆಯುವವನಿಗಾದರೋ ಎರಡು ಮೂರು ಗಂಟೆ ಒಂದೇ ಸ್ಥಳದಲ್ಲಿ ಕುಳಿತುಕೊಳ್ಳಲೇಬೇಕು. ಅಷ್ಟರಲ್ಲಿ ಅವನು ಯಾವ ಕಮಾನು ಬಿರುಕು ಬಿಟ್ಟಿದೆ, ಯಾವ ಗೋಡೆ ವಾಲಿದೆ, ನೀರಿನ ಗುರುತು ಎಲ್ಲಿಯವರೆಗೆ ಏರಿದೆ ಎಂಬುದೆಲ್ಲವನ್ನೂ ಗಮನಿಸಿರುತ್ತಾನೆ. ಅಲ್ಲಿ ಒಂದು ಊರಿತ್ತೆಂಬುದೂ ಅವನಿಗೆ ನೆನಪಾಗದೆ ಇರದು. ಚಿತ್ರದ ಬಹುದೊಡ್ಡ ಪ್ರಯೋಜನ ಈ ಗಮನವೇ.

ಎಲ್ಲ ಕಟ್ಟಡಗಳೂ ನೀರಿನಲ್ಲಿ ಮುಳುಗಬೇಕಾಗಿಲ್ಲ. ಊರಿನ ಹಳೆಯ ಹೆಂಚಿನ ಕಚೇರಿ, ಶಾಲೆ, ಬಂಗಲೆಗಳು ಕಾಂಕ್ರೀಟಿನ ಹೊಸ ಕಟ್ಟಡಕ್ಕಾಗಿ ತೆರವಾಗುವುದೂ, ಸಾಲುಮರಗಳು ರಸ್ತೆಯ ಅಗಲೀಕರಣಕ್ಕೆ ಬಲಿಯಾಗುವುದೂ ಎಲ್ಲೆಡೆ ನಡೆಯುತ್ತಿರುವ ಸಂಗತಿ. ಕಾಲಕ್ಕೆ ತಕ್ಕಂತೆ ಹೊಸದು ಬರುವುದನ್ನು ತಡೆಯಲಾಗದು. ತಡೆಯುವುದು ಎಲ್ಲ ವೇಳೆಯಲ್ಲಿಯೂ ಯುಕ್ತವೂ ಅಲ್ಲ. ಆದರೆ ಹೋಗುವುದು ಏನೆಂಬುದನ್ನು ತಿಳಿಯದೆ ಕಳೆದುಕೊಳ್ಳುವುದಕ್ಕೂ, ತಿಳಿದು ಬೀಳ್ಕೊಡುವುದಕ್ಕೂ ಬಹಳ ಅಂತರವಿದೆ.

ಪ್ರತಿಯೊಂದು ಶಾಲೆಯ ಚಿತ್ರಕಲಾ ತರಗತಿಯೂ ವರ್ಷಕ್ಕೆ ಒಂದು ಹಳೆಯ ಕಟ್ಟಡವನ್ನೋ ಒಂದು ಹಳೆಯ ಮರವನ್ನೋ ಆರಿಸಿಕೊಂಡು, ಸ್ಥಳದಲ್ಲಿಯೇ ಕುಳಿತು ಬರೆದು, ಆ ಚಿತ್ರಗಳನ್ನು ಕ್ರಮವಾಗಿ ಕಾದಿರಿಸಿದರೆ ಹತ್ತು ಹದಿನೈದು ವರ್ಷಗಳಲ್ಲಿ ಆ ಊರಿನ ಒಂದು ಚಿತ್ರಚರಿತ್ರೆಯೇ ಸಿದ್ಧವಾಗುತ್ತದೆ. ಚಿತ್ರದ ಹಿಂಬದಿಯಲ್ಲಿ ಸ್ಥಳ, ದಿನಾಂಕ, ಹೊತ್ತು ಇವುಗಳನ್ನು ಬರೆದಿಡಬೇಕು. ಊರಿನ ಹಿರಿಯರನ್ನು ವಿಚಾರಿಸಿದಾಗ ಕಟ್ಟಡಕ್ಕೆ ಕಲ್ಲು ಹೊತ್ತವರ, ಗಾರೆ ಮಾಡಿದವರ ಹೆಸರು ತಿಳಿದುಬಂದರೆ ಅದನ್ನೂ ಬರೆಯಬೇಕು. ಬರೆದ ವಿದ್ಯಾರ್ಥಿಯ ಹೆಸರನ್ನಂತೂ ಬಿಡಬಾರದು. ಸೈನ್ಯದೊಡನೆ ಬಂದ ಕುಂಚವು ಅನೇಕ ಹೆಸರುಗಳನ್ನು ಬಿಟ್ಟುಹೋಯಿತು. ಶಾಲೆಯ ಕುಂಚವು ಆ ತಪ್ಪನ್ನು ಮಾಡಬಾರದು.